ವಾಮನಣ್ಣನ ಹಡಗು

ವಾರವಿಡೀ ಕಂಪ್ಯೂಟರಿನ ವೈ-ಟು-ಕೆ ಕೋಡಿನೆದುರು ಆಕಳಿಸುವ, ಅಮೆರಿಕದ ನಮ್ಮ ಪ್ಲೇನ್ಸ್‌ಬರೋ ಊರಿನ ವಾಮನಣ್ಣನಿಗೆ ಶನಿವಾರ ಬಂತೆಂದರೆ ಹದಿನೆಂಟರ ಹುರುಪು! ಮಿನಿವ್ಯಾನಿನಿಂದ ಮಕ್ಕಳ ಸೀಟು ಕಿತ್ತು ಗಾಳಿ ಸಿಲಿಂಡರ್ ತುಂಬುತ್ತಾರೆ; ಉಣ್ಣೆ ಬನಿಯನ್ನಿನ ಮೇಲೆ ರಬ್ಬರ್ ಸೂಟು ಏರಿಸಿ, ಕೊರೆಯುವ ಅಟ್ಲಾಂಟಿಕ್‌ನಲ್ಲಿ ಇನ್ನೂರು ಅಡಿ ಇಳಿದು, ಎಂದೋ ಜನರ ಸಮೇತ ಮುಳುಗಿದ ಹಡಗೊಂದನ್ನು ಹೊಕ್ಕು ಬರುತ್ತಾರೆ. ಮನೆಗೊಂದು ಅಡುಗೆ ತಂದು ಒಟ್ಟಿಗೆ ಉಣ್ಣುವ ಭಾನುವಾರದ ಪಾಟ್‌ಲಕ್‌ನಲ್ಲಿ ಸೌಟು ಹಿಡಿದುಕೊಂಡೇ ವರ್ಣನೆ: "ಎಂಥ ಹಡಗು ಮಾರಾಯ್ರೆ! ಅಡುಗೆಮನೆಯೇ ನಮ್ಮ ಅಪಾರ್ಟ್‌ಮೆಂಟಿನಷ್ಟುಂಟು!" ಜೊತೆಗಿಳಿದವರೆಲ್ಲ ಹಡಗಿನ ತಟ್ಟೆ, ಗಂಟೆಗಳನ್ನು ಹೊತ್ತು ತಂದರೆ ಇವರದು ಬರಿಗೈ. "ಒಂದು ಕಪ್ಪಾದ್ರೂ ತರ್ಬಾರ್ದಾ?" ಎಂದು ಹೆಂಡತಿ ಜ್ಯೋತ್ಸ್ನಾ ಗೊಣಗಿದರೆ, "ಆ ಮನೆಯವರನ್ನು ಕೇಳದೆ ತರುವುದು ಹೇಗೆ?" ಎನ್ನುತ್ತಾರೆ. ತಮಾಷೆಯೆಂದುಕೊಂಡಿದ್ದೆ. ಮೊನ್ನೆ ಜೊತೆಗಿಳಿದವನೊಬ್ಬ ತೆಗೆದ ವಿಡಿಯೋ ನೋಡಿದೆ: ಉಸಿರುಸಿರಿಗೂ ಲೆಕ್ಕವಿರುವ ಆ ಕತ್ತಲಲ್ಲಿ, ಬಾಗಿಲೇ ಉಳಿಯದ ಕೋಣೆಯ ಚೌಕಟ್ಟನ್ನು ಮೂರು ಸಲ ತಟ್ಟಿ, ವಾಮನಣ್ಣ ಹೊರಗೇ ನಿಂತು ಕಾಯುತ್ತಿದ್ದರು.