ಪೊಟ್ಯಾಷ್ ಹಾಕಿದ ಕಡೆ

ಸುಳ್ಳ ಊರಿನ ಫಕೀರಪ್ಪ ಕಾಕಾ ತಮ್ಮ ಗೋವಿನಜೋಳದ ತುಂಡು ಹೊಲದಲ್ಲಿ ಅರ್ಧಕ್ಕೆ ಮಾತ್ರ ಕೃಷಿ ಅಧಿಕಾರಿಯಾದ ನನ್ನ ಮಾತಿನಂತೆ ಪೊಟ್ಯಾಷ್ ಗೊಬ್ಬರ ಹಾಕಿದ್ದರು. ಮಳೆ ಕೈಕೊಟ್ಟಾಗ, ಆ ಗೊಬ್ಬರದ ಗುಣ ತೋರಿಸಲು ಇದೇ ಸರಿಯಾದ ಹೊತ್ತೆಂದು ಊರವರನ್ನು ಕರೆಸಿದೆ.

ಬಿತ್ತನೆಯ ನಂತರ ನಾನು ಆ ಕಡೆ ಹಾಯ್ದಿರಲಿಲ್ಲ. ಪೊಟ್ಯಾಷ್ ಯಾವ ಕಡೆ ಎಂದು ತೋರಿಸುವ ಹಲಗೆ ಬಿದ್ದುಹೋಗಿತ್ತು. ಎಡಗಡೆ ಬೆಳೆ ಹಚ್ಚಗಿತ್ತು, ಬಲಗಡೆಯದು ತುಸು ಮಂಕಾಗಿತ್ತು. ಇನ್ನೇನು ಕೇಳುವುದೆಂದು ಎಡಕ್ಕೆ ಕೈ ಮಾಡಿದೆ.

"ಪೊಟ್ಯಾಷ್ ಇದ್ರ ಎಲಿ ತನ್ನ ಸಣ್ಣ ಸಣ್ಣ ಬಾಯಿ ಹೊತ್ತಿಗೆ ಸರಿಯಾಗಿ ಮುಚ್ಕೋತೈತ್ರಿ. ಒಳಗಿನ ನೀರು ಹೊರಗ ಹೋಗಗೊಡೂದಿಲ್ಲ. ನೋಡ್ರಿ, ಹೆಂಗ ನಿಂತೈತಿ."

ಎಲ್ಲರೂ ತಲೆಯಾಡಿಸಿದರು, ಮಿರ್ಚಿ ತಿಂದು ಚಹಾ ಕುಡಿದು ಹೋದರು. ಆಮೇಲೆ ಕಾಕಾ ಹತ್ತಿರ ಬಂದರು.

"ತಪ್ಪು ತಿಳ್ಕೋಬ್ಯಾಡ್ರಿ ಸಾಹೇಬ್ರ. ಪೊಟ್ಯಾಷ್ ಹಾಕಿದ್ದು ಬಲಕ್ಕ. ಎಡಗಡಿ ಎಲಿ ಸುರುಳಿ ಸುತ್ತಿದ್ವು. ಮಂದಿ ಬರೂ ಮುಂದ ಹೊಲ ಹಂಗಿರಬಾರ್ದಂತ ನಿನ್ನೆ ಅದಕ್ಕಷ್ಟ ಟ್ಯಾಂಕರ್ ನೀರು ಬಿಟ್ಟೆ."

"ಆವಾಗ ಹೇಳಬಾರ್ದೇನ್ರಿ ಕಾಕಾ?"

"ಮಂದ್ಯಾಗ ಹೆಂಗ ಹೇಳೂದ್ರಿ? ಟ್ಯಾಂಕರ್ ಬಂದಿದ್ದು ಎಲ್ಲಾರೂ ನೋಡ್ಯಾರ. ನೀವು ಅಷ್ಟು ಛಲೋ ಹೇಳಾಕತ್ತಿದ್ರಿ, ನಡುವ ಬಾಯಿ ಹಾಕಾಕ ಯಾರಿಗೂ ಮನಸಾಗಲಿಲ್ಲ."

ಬಲಕ್ಕೆ ತಿರುಗಿ ನೋಡಿದೆ. ಬಲಗಡೆಯ ಬೆಳೆ ಒಂದು ಹನಿ ನೀರೂ ಕಾಣದೆ, ಎಲೆ ಸುತ್ತದೆ, ನನ್ನ ಮಾತು ಖರೇ ಮಾಡಿ ನಿಂತಿತ್ತು. ಅದಕ್ಕೆ ಬೆನ್ನು ಕೊಟ್ಟು ಭಾಷಣ ಮಾಡಿದವನು ನಾನೊಬ್ಬನೇ.