ಹುಲ್ಲಿನೊಳಗಿನ ಗೂಟ

ನಮ್ಮ ಯಜಮಾನರು ವಕೀಲರು. ಮನೆ ಬಸವನ ಬಾಗೇವಾಡಿಯಲ್ಲಿ, ಕೋರ್ಟು ಮುದ್ದೇಬಿಹಾಳದಲ್ಲಿ. ಇಷ್ಟು ವರ್ಷ ಅಲ್ಲಿಗೆ ಹೋಗಿ ಬಂದು ಅವರು ಕಲಿತ ದೊಡ್ಡ ವಿದ್ಯೆಯೆಂದರೆ ತಾರೀಖು ಮುಂದಕ್ಕೆ ಹಾಕಿಸುವುದು. ಮನೆಯಲ್ಲಿ ಅದಕ್ಕೆ ಅವರು ಬಳಸುವ ಮಾತು ಒಂದೇ: "ನೋಡೂಣು." ಆಗುವುದಿಲ್ಲ ಅನ್ನುವ ಗಂಡನ ಜೊತೆ ಜಗಳವಾದರೂ ಆಡಬಹುದು. ನೋಡೂಣು ಅನ್ನುವವರ ಜೊತೆ ಏನಂತ ಆಡುವುದು? ಕೈ ಎತ್ತಿದವರಲ್ಲ, ದನಿ ಎತ್ತಿದವರಲ್ಲ. ಊರವರು ಅವರನ್ನು ದೇವರಂಥ ಮನುಷ್ಯ ಅನ್ನುತ್ತಾರೆ. ನಿಜ, ದೇವರೂ ಕೇಳಿದ್ದಕ್ಕೆ ಬೇಗ ಉತ್ತರ ಕೊಡುವುದಿಲ್ಲ.

ಇಂಥವರು ಒಂದು ಸಲ ಆಲಮಟ್ಟಿ ಡ್ಯಾಮಿನ ಉದ್ಯಾನ ನೋಡಿಕೊಂಡು ಬಂದವರೇ ಮನೆಯ ಮುಂದೆ ಲಾನ್ ಮಾಡಿಸಿಬಿಟ್ಟರು. ಅದಕ್ಕೆ ಮಾತ್ರ ನೋಡೂಣು ಅನ್ನಲಿಲ್ಲ. ಮೊದಲು ಆ ಜಾಗದಲ್ಲಿ ಅತ್ತೆಯ ಎಮ್ಮೆಗಳ ಕೊಟ್ಟಿಗೆ ಇತ್ತು. ಅತ್ತೆಯ ಮೊಣಕಾಲು ಕೈಕೊಟ್ಟ ಮೇಲೆ ಎಮ್ಮೆ ಮಾರಿದೆವು, ಕೊಟ್ಟಿಗೆ ಕೆಡವಿದೆವು. ಅಲ್ಲಿಗೆ ಲಾರಿಯಲ್ಲಿ ಕೆಂಪು ಮಣ್ಣು ಬಂತು, ಚಾಪೆಯಂತೆ ಸುತ್ತಿದ ಹುಲ್ಲು ಬಂತು. ರವಿವಾರ ಕಕ್ಷಿದಾರರು ಬಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅದರ ಮೇಲೆ ಕೂಡುತ್ತಾರೆ. "ಸಾಹೇಬ್ರ, ಕುಂತ್ರ ಏಳೂದ ಬ್ಯಾಡ ಅನಸ್ತೈತ್ರಿ" ಅನ್ನುತ್ತಾರೆ. ಸಾಹೇಬರ ಮುಖ ಅರಳುತ್ತದೆ. ಚಹಾ ಹಿಡಿದು ನಿಂತ ನನಗೆ ಮೈ ಉರಿಯುತ್ತದೆ.

ಯಾಕೆಂದರೆ ಆ ಹುಲ್ಲಿಗೆ ನೀರು ಬಿಡುವವಳು ನಾನು. ನಮ್ಮ ಬಿಸಿಲಿಗೆ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬಿಡಲೇಬೇಕು. ಅದೂ ಕರೆಂಟು ಇದ್ದಾಗ. ಕರೆಂಟು ಬಂದರೆ ಸಂಪಿನ ಮೋಟರು ಹಚ್ಚಬೇಕು, ಸ್ಪ್ರಿಂಕ್ಲರನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಎತ್ತಿಡಬೇಕು, ಸಂಪು ಖಾಲಿಯಾಗುವ ಮೊದಲೇ ಬಂದ್ ಮಾಡಬೇಕು. ಆಳು ಇಟ್ಟು ನೋಡಿದೆವು. ಅವನು ಪೈಪನ್ನು ಒಂದೇ ಕಡೆ ಬಿಟ್ಟು ಕೂತು ಹುಲ್ಲು ಕೊಳೆಸಿದ. ಅಂದಿನಿಂದ ಅದು ನನ್ನ ಕೊರಳಿಗೇ ಬಿತ್ತು. ಇಂಡಿಯಲ್ಲಿ ನನ್ನ ಅಕ್ಕನ ಬಸುರಿ ಮಗಳ ಕುಬಸಕ್ಕೆ ಹೋಗಿದ್ದೆ. ಆರತಿ ಇನ್ನೂ ಮುಗಿದಿಲ್ಲ, ಆಗಲೇ ಇವರ ಫೋನು: "ಹುಲ್ಲು ಬಾಡಾಕತ್ತೈತಿ. ಯಾವ ಬಸ್ಸಿಗೆ ಬರ್ತಿ?" ಹೋಳಿಗೆ ನುಂಗಿದೆನೋ ಅಗಿದೆನೋ ನೆನಪಿಲ್ಲ, ಮಧ್ಯಾಹ್ನದ ಬಸ್ಸು ಹಿಡಿದೆ.

ಅವತ್ತು ಇಂಡಿಯಲ್ಲಿ ಒಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಅಕ್ಕನ ಗಂಡನಿಗೆ ಲಿಂಬೆಯ ತೋಟವಿದೆ. ಪಂಗತಿಯಲ್ಲಿ ತುಪ್ಪ ಬಡಿಸುತ್ತಲೇ ಅವರು ಫೋನು ತೆಗೆದು ನೋಡಿದರು, ಒಮ್ಮೆ ಒತ್ತಿದರು, ಮತ್ತೆ ಜೇಬಿಗೆ ಹಾಕಿಕೊಂಡರು. ಏನು ಅಂದರೆ, "ತ್ವಾಟಕ್ಕ ನೀರು ಬಿಟ್ಟೆ" ಅಂದರು. ಬಸ್ಸಿನ ಕಿಟಕಿಗೆ ತಲೆ ಆನಿಸಿ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ತುಪ್ಪ ಬಡಿಸುವವರ ಜೇಬಿನೊಳಗೆ ನೀರು ಇರಬಹುದಾದರೆ ನನ್ನ ಚೀಲದೊಳಗೆ ಯಾಕಿರಬಾರದು?

ಅದು ಬರೀ ಯೋಚನೆಯಾಗಿಯೇ ಉಳಿಯುತ್ತಿತ್ತೋ ಏನೋ. ಆದರೆ ಹೋದ ವರ್ಷ ಬೇಸಿಗೆಯಲ್ಲಿ ನನ್ನ ಹಳೆಯ ಗೆಳತಿಯ ಫೋನು ಬಂತು. ಅವಳು ಸಿಂದಗಿಯಲ್ಲಿ ಒಂದು ಕಾಲೇಜಿನ ಪ್ರಿನ್ಸಿಪಾಲ್. "ಲೇ, ನಮ್ಮಲ್ಲಿ ಇತಿಹಾಸ ಹೇಳಾಕ ಯಾರೂ ಇಲ್ಲ. ಜೂನಿಂದ ನೀ ಬರ್ತಿ ಏನು?" ಮದುವೆಗೆ ಮುಂಚೆ ನಾನು ಪಾಠ ಮಾಡುತ್ತಿದ್ದವಳು. ಮದುವೆ, ಮಕ್ಕಳು, ಎಮ್ಮೆ, ಆಮೇಲೆ ಹುಲ್ಲು. ಮಕ್ಕಳು ಈಗ ಹಾಸ್ಟೆಲಿನಲ್ಲಿದ್ದಾರೆ. ಬರ್ತೇನಿ ಅನ್ನಲು ಬಾಯಿ ತೆರೆದೆ, ಕೇಳಿ ಹೇಳುತ್ತೇನೆ ಅಂದೆ. ಆ ಮಾತು ಬಾಯಿಂದ ಬಿದ್ದ ಕ್ಷಣವೇ ನನ್ನ ಮೇಲೆ ನನಗೇ ಸಿಟ್ಟು ಬಂತು.

ಯಜಮಾನರು ಬೇಡ ಅನ್ನಲಿಲ್ಲ. "ಹೋಗಬ್ಯಾಡ ಅಂತ ನಾ ಎಲ್ಲಿ ಅಂದೆ? ಮುಂಜಾನೆ ಹೋದಾಕಿ ಸಂಜಿಗೆ ಬರ್ತಿ. ಹುಲ್ಲಿಗೆ ಏನರೆ ವ್ಯವಸ್ಥಾ ಆಗ್ಲಿ. ನೋಡೂಣು."

ಸರಿ, ವ್ಯವಸ್ಥೆ ಹುಡುಕಲು ಕೂತೆ. ತಾನೇ ನೀರು ಬಿಡುವ ಯಂತ್ರಗಳಲ್ಲಿ ಎಷ್ಟು ಜಾತಿ ಇವೆ ಅನ್ನುವುದು ಆಗ ಗೊತ್ತಾಯಿತು. ಒಂದು ಬರೀ ಗಡಿಯಾರ ಇದ್ದದ್ದು. ಅಗ್ಗ, ಆದರೆ ಕರೆಂಟು ಹೋದರೆ ಅದೂ ನಿಲ್ಲುತ್ತದೆ. ಮತ್ತೆ ಬಂದಾಗ ನಸುಕಿನ ನೀರನ್ನು ನಡುಮಧ್ಯಾಹ್ನಕ್ಕೆ ಬಿಡುತ್ತದೆ. ಇನ್ನೊಂದು ನಳಕ್ಕೇ ತಿರುಗಿಸಿ ಕೂಡಿಸುವುದು. ನಳದಲ್ಲಿ ಹಗಲೂ ರಾತ್ರಿ ನೀರು ಜೋರಾಗಿ ಬರುತ್ತಿರುತ್ತದೆ ಎಂದು ನಂಬಿಕೊಂಡ ಯಂತ್ರ ಅದು. ಪಾಪ, ಬಾಗೇವಾಡಿ ನೋಡಿದ್ದಲ್ಲ. ಮತ್ತೊಂದು ಹವಾಮಾನ ಓದುವ ಜಾಣ. ಮಳೆ ಬರುವುದಿದ್ದರೆ ನೀರು ಬಿಡುವುದಿಲ್ಲ. ಅದಕ್ಕೆ ನಮ್ಮೂರಿನ ಹೆಸರು ಬರೆದರೆ ಸಿಗಲಿಲ್ಲ, ಯಾವುದೋ ದೂರದ ಊರಿನ ಮಳೆ ಹಿಡಿದುಕೊಂಡಿತು. ಅಲ್ಲಿ ಮೋಡ ಕವಿದರೆ ಇಲ್ಲಿ ನಮ್ಮ ಹುಲ್ಲು ಉಪವಾಸ. ಕೊಂಡವರು ಬರೆದ ಅಭಿಪ್ರಾಯಗಳನ್ನೂ ಓದಿದೆ. ಹಿಮ ಬಿದ್ದರೆ ಪೆಟ್ಟಿಗೆ ಕೆಡುತ್ತದೆಯೇ ಎಂದು ಒಬ್ಬ ಕೇಳಿದ್ದ. ಹೊರಗೆ ಕಟ್ಟೆಯ ಮೇಲೆ ಹಪ್ಪಳ ಸುಡುವಷ್ಟು ಬಿಸಿಲು, ಒಳಗೆ ಕೂತು ನಾನು ಅದಕ್ಕೆ ಬಂದ ಉತ್ತರವನ್ನೂ ಪೂರ್ತಿ ಓದಿದೆ.

ಒಂದೊಂದನ್ನೂ ಯಜಮಾನರಿಗೆ ತೋರಿಸಬೇಕು. ಅವರ ಪಾಟಿಸವಾಲು ಶುರು. "ಇಂಟರ್ನೆಟ್ ಹೋದ್ರ?" "ಮೋಟರ್ ಸುಟ್ಟರ?" "ನಿನ್ನ ಫೋನು ಬಸ್ಸಿನ್ಯಾಗ ಕಳಕೊಂಡ್ರ?" ಉತ್ತರ ಹುಡುಕಿ ತಂದರೆ, "ಇನ್ನೊಂದು ನೋಡೂಣು." ಮೇ ತಿಂಗಳು ಕರಗುತ್ತಿತ್ತು. ಗೋಡೆಯ ಮೇಲಿನ ಕ್ಯಾಲೆಂಡರು ನೋಡಲು ಹೆದರಿಕೆಯಾಗುತ್ತಿತ್ತು. ಒಂದು ದಿನ ಅವರನ್ನು ಕೇಳದೆ, ಮಕ್ಕಳ ಕೈಯಿಂದ ಫೋನಿನಲ್ಲೇ ತರಿಸಿಬಿಟ್ಟೆ. ಕರೆಂಟು ಹೋಗಿ ಬಂದರೂ ಹೊತ್ತು ಮರೆಯದ, ಮೋಟರನ್ನು ತಾನೇ ಹಚ್ಚಿ ತಾನೇ ಆರಿಸುವ ಪೆಟ್ಟಿಗೆ. ಜೊತೆಗೆ ಗೇಣುದ್ದದ ಒಂದು ಗೂಟ. ಅದನ್ನು ಹುಲ್ಲಿನೊಳಗೆ ಚುಚ್ಚಿಟ್ಟರೆ ನೆಲದ ಹಸಿ ಎಷ್ಟಿದೆ ಎಂದು ಪೆಟ್ಟಿಗೆಗೆ ಹೇಳುತ್ತದೆ. ಹಸಿ ಇದ್ದರೆ ಆ ದಿನ ಇಡೀ ಲಾನಿಗೆ ನೀರಿಲ್ಲ, ಒಣಗಿದ್ದರೆ ಉಂಟು. ಪೆಟ್ಟಿಗೆಯನ್ನು ಪಡಸಾಲೆಯ ಗೋಡೆಗೆ ಹಾಕಿಸಿದೆ, ಎತ್ತಿಡುವ ಕೆಲಸ ತಪ್ಪಲೆಂದು ಲಾನಿನ ತುಂಬ ಸ್ಪ್ರಿಂಕ್ಲರು ಕೂಡಿಸಿದೆ. ವೈರು ಉದ್ದ ಆಗಬಾರದೆಂದು ಗೂಟವನ್ನು ಮೆಟ್ಟಿಲ ಪಕ್ಕದಲ್ಲೇ ಚುಚ್ಚಿಸಿದೆ.

ಯಜಮಾನರು ಬಂದು ನೋಡಿದರು. ಸಿಟ್ಟಾಗಲಿಲ್ಲ. "ಆತು. ಕಾಲೇಜು ಚಾಲೂ ಆಗೂತನಕ ನೀ ಪೈಪು ಮುಟ್ಟಬ್ಯಾಡ. ಯಂತ್ರದ ಮ್ಯಾಲೆ ಹುಲ್ಲು ಹಸರ ಉಳದ್ರ ಹೋಗು" ಅಂದರು. ನನ್ನ ಸಂಸಾರದಲ್ಲಿ ಅವರು ನೋಡೂಣು ಬಿಟ್ಟು ಬೇರೆ ತೀರ್ಪು ಕೊಟ್ಟದ್ದು ಅದೇ ಮೊದಲು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಮೊದಲ ಕೆಲವು ದಿನ ನಸುಕಿನಲ್ಲಿ ಟಕ್ ಅನ್ನುವ ಸದ್ದು, ಆಮೇಲೆ ಚಿಮ್ಮುವ ನೀರಿನ ಸದ್ದು. ಹಾಸಿಗೆಯಲ್ಲಿ ಮಲಗಿಯೇ ಕೇಳುತ್ತಿದ್ದೆ. ಬೀರುವಿನಿಂದ ಕಾಟನ್ ಸೀರೆಗಳನ್ನು ತೆಗೆದು ಗಂಜಿ ಹಾಕಿ ಇಸ್ತ್ರಿ ಮಾಡಿಟ್ಟೆ. ಆಮೇಲೆ ಸದ್ದು ನಿಂತಿತು. ಫೋನು ತೆಗೆದರೆ ದಿನಾ ಒಂದೇ ಸುದ್ದಿ: ನೆಲ ಒದ್ದೆಯಾಗಿದೆ, ಇಂದು ನೀರು ಬೇಕಿಲ್ಲ. ಮೆಟ್ಟಿಲ ಹತ್ತಿರ ಮುಟ್ಟಿ ನೋಡಿದರೆ ಹೌದು, ಒದ್ದೆಯೇ ಇದೆ. ಆದರೆ ಕಂಪೌಂಡಿನ ಕಡೆಯ ಮೂಲೆ ಹಳದಿಗೆ ತಿರುಗುತ್ತಿತ್ತು. ಅತ್ತೆ ನಸುಕಿನಲ್ಲಿ ಅಂಗಳಕ್ಕೆ ಥಳಿ ಹೊಡೆಯುವಾಗ ಸಿಡಿದ ನೀರು ಇರಬಹುದೇ ಅಂದುಕೊಂಡೆ, ಅಷ್ಟಕ್ಕೆಲ್ಲ ನೆಲ ಒಳಗಿನತನಕ ನೆನೆಯುವುದಿಲ್ಲ ಅಂತ ಬಿಟ್ಟೆ. ಸೆಟ್ಟಿಂಗು ಬದಲಿಸಿದೆ, ಬಂದ್ ಮಾಡಿ ಹಚ್ಚಿದೆ. ಮಾರಿದವರಿಗೆ ಫೋನು ಮಾಡಿದರೆ, ನಿಮ್ಮ ನೆಲ ಒದ್ದೆ ಇದೆಯಲ್ಲ ಮೇಡಂ, ಅದು ಸರಿಯಾಗೇ ಕೆಲಸ ಮಾಡುತ್ತಿದೆ ಅಂದರು. ಪೈಪು ಗೋಡೆಗೆ ಸುತ್ತಿ ತೂಗುಹಾಕಿತ್ತು. ಒಂದೇ ಒಂದು ಸಲ ಹಿಡಿದರೆ ಆ ಮೂಲೆ ಬದುಕುತ್ತಿತ್ತು. ಹಿಡಿದರೆ ಸೋತಂತೆ. ನನ್ನ ಮನೆಯ ಅಂಗಳದಲ್ಲೇ ಕೈ ಕಟ್ಟಿಸಿಕೊಂಡು ನಿಂತು ಹುಲ್ಲು ಸಾಯುವುದನ್ನು ನೋಡಿದೆ.

ಅರ್ಧ ಲಾನು ತೆಂಗಿನ ನಾರಿನ ಬಣ್ಣಕ್ಕೆ ಬಂದ ದಿನ ಯಜಮಾನರು ಚಪ್ಪಲಿ ಬಿಟ್ಟು ಅದರ ಮೇಲೆ ನಡೆದಾಡಿದರು. "ಈ ವರ್ಷ ಇರಲಿ. ಮುಂದಿನ ವರ್ಷ ನೋಡೂಣು." ಗೆಳತಿ ಬೇರೆಯವರನ್ನು ತೆಗೆದುಕೊಂಡಳು. ನಾನು ಗಂಜಿ ಹಾಕಿದ ಸೀರೆಗಳನ್ನು ಮತ್ತೆ ಬೀರುವಿಗೆ ಇಟ್ಟು, ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಕಾರಣ ತಿಳಿದದ್ದು ಅದಾದ ಮೇಲೆ. ಒಂದು ನಸುಕಿನಲ್ಲಿ ನಿದ್ದೆ ಬಾರದೆ ಎದ್ದು ಬಂದೆ. ಅತ್ತೆ ಮೆಟ್ಟಿಲಿನ ಮೇಲೆ ಕೂತು, ಕೊಡದ ನೀರನ್ನು ತಂಬಿಗೆಯಿಂದ ಮೊಗೆದು ಮೊಗೆದು ಕೈಗೆಟುಕುವ ಹುಲ್ಲಿಗೆ ಹಾಕುತ್ತಿದ್ದರು. ಸರಿಯಾಗಿ ಆ ಗೂಟದ ಬುಡಕ್ಕೆ. ನನ್ನನ್ನು ಕಂಡು ಕಳ್ಳಿ ಸಿಕ್ಕಿಬಿದ್ದಂತೆ ನಕ್ಕರು.

"ನಿನಗ ಹೇಳಿರಲಿಲ್ಲ. ಆ ಡಬ್ಬಿ ಮ್ಯಾಲೆ ನನಗ ನಂಬಿಕಿ ಇರಲಿಲ್ಲವಾ. ಹುಲ್ಲು ಹಸರ ಉಳದ್ರ ನೀ ಸಾಲಿಗೆ ಹೋಗ್ತಿ ಅಂತ ದಿನಾ ಒಂದು ಕೊಡ ಹಾಕ್ತಿದ್ದೆ. ಮಣಕಾಲು ಬ್ಯಾನಿ, ಆ ಮೂಲಿಗೆ ಹೋಗಾಕ ಆಗಲಿಲ್ಲ. ನೋಡು, ನಾ ಹಾಕಿದಷ್ಟು ಜಾಗಾ ಹೆಂಗ ಹಸರ ಐತಿ."

ಆಮೇಲೆ ತಾವೇ ಮಾತು ಮುಂದುವರಿಸಿದರು. "ನನ್ನ ತಂಗಿ ಲಗ್ನ ತಂಗಡಗಿಯೊಳಗ ಆತು. ನಾ ಹೋಗಲಿಲ್ಲ. ಎಮ್ಮಿ ಈಯೂದು ಐತಿ, ಬಿಟ್ಟು ಹೆಂಗ ಹೋಗ್ತಿ ಅಂದ್ರು ನಿಮ್ಮ ಮಾವ. ಆ ಎಮ್ಮಿಯರೆ ಹಾಲು ಕೊಡ್ತಿತ್ತು. ಈ ಹುಲ್ಲು ಏನ್ ಕೊಡ್ತೈತಿ?"

ನಾನು ಆ ಗೂಟವನ್ನು ನೋಡಿದೆ, ಅವರ ಊದಿದ ಮೊಣಕಾಲು ನೋಡಿದೆ. ಅವರ ಕೊಡದ ನೀರೇ ಯಂತ್ರವನ್ನು ನಿಲ್ಲಿಸಿತ್ತು ಎಂದು ಅವರಿಗೆ ಹೇಳಲಿಲ್ಲ. ಯಜಮಾನರಿಗೂ ಹೇಳಲಿಲ್ಲ. ಹೇಳಿದ್ದರೆ ನನ್ನ ಯಂತ್ರ ಗೆಲ್ಲುತ್ತಿತ್ತು, ಅತ್ತೆ ಸೋಲುತ್ತಿದ್ದರು. ಈ ಮನೆಯಲ್ಲಿ ನಾನು ಹೊರಗೆ ಹೋಗಲಿ ಎಂದು ನೀರು ಹೊತ್ತವರು ಅವರೊಬ್ಬರೇ. ಪೆಟ್ಟಿಗೆಯನ್ನು ಆರಿಸಿ ಮತ್ತೆ ಪೈಪು ಹಿಡಿದೆ. ವರ್ಷವಿಡೀ ಹಿಡಿದೆ. ಮೂಲೆಯಲ್ಲಿ ಹೊಸ ಹುಲ್ಲು ಬಂತು. ಪೈಪು ಹಿಡಿದು ನಿಂತಾಗ ಎಷ್ಟೋ ಸಲ ಅದನ್ನು ಎಸೆದು ಗೇಟು ದಾಟಿ ಹೋಗಿಬಿಡಬೇಕು ಅನ್ನಿಸುತ್ತಿತ್ತು. ಬಸ್ ನಿಲ್ದಾಣ ಅಲ್ಲೇ, ಸಿಂದಗಿ ಬಸ್ಸಿನ ಹಾರ್ನು ನಮ್ಮ ಅಂಗಳಕ್ಕೆ ಕೇಳುತ್ತದೆ.

ಈ ಬೇಸಿಗೆಯಲ್ಲಿ ಗೆಳತಿ ಮತ್ತೆ ಫೋನು ಮಾಡಿದಳು. ಬಂದವರು ಬಿಟ್ಟು ಹೋಗಿದ್ದಾರಂತೆ. "ಈ ಸಲ ಕೇಳಿ ಹೇಳ್ತೇನಿ ಅನಬ್ಯಾಡ. ನಾಳಿಗೆ ಹೇಳು" ಅಂದಳು. ಯಜಮಾನರಿಗೆ ಹೇಳಿದರೆ ಹಳೆಯ ಷರತ್ತೇ ಬಂತು. ಅವರು ಕೋರ್ಟಿಗೆ ಹೋದ ಮೇಲೆ ಗೂಟದ ವೈರನ್ನು ಜೋಡು ಹಾಕಿಸಿ ಉದ್ದ ಮಾಡಿಸಿದೆ. ಗೂಟ ಕಿತ್ತು, ಕಂಪೌಂಡಿನ ಆ ದೂರದ ಮೂಲೆಗೆ ಚುಚ್ಚಿ ಪೆಟ್ಟಿಗೆ ಮತ್ತೆ ಹಚ್ಚಿದೆ. ಅತ್ತೆಯ ತಂಬಿಗೆ ಅಲ್ಲಿಗೆ ಎಟುಕುವುದಿಲ್ಲ. ಯಾರಿಗೂ ನೋವಿಲ್ಲದೆ ಕೆಲಸ ಮುಗಿಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಹೊರಗೆ ಬಂದರೆ ಅತ್ತೆ ಮೆಟ್ಟಿಲ ಮೇಲೆ ಇರಲಿಲ್ಲ. ಒಂದು ಕೈಯಲ್ಲಿ ಕೋಲು, ಟೊಂಕದ ಮೇಲೆ ಕೊಡ, ಕುಂಟುತ್ತ ಕುಂಟುತ್ತ ಆ ಮೂಲೆಯ ಹತ್ತಿರವೇ ಬಂದಿದ್ದರು. ನನ್ನ ಹೆಜ್ಜೆಯ ಸದ್ದಿಗೆ ತಿರುಗದೆಯೇ ಅಂದರು: "ಹೋದ ವರ್ಷ ಈ ಮೂಲಿನ ಕೈ ಕೊಡ್ತು. ಈ ಸಲ ಇಲ್ಲೇ ಹಾಕ್ತೇನಿ. ನೀ ಹೋಗಾಕಬೇಕು."

"ಅತ್ತಿ, ಬ್ಯಾಡ್ರಿ! ಅಲ್ಲಿ ಹಾಕಬ್ಯಾಡ್ರಿ!"

ನನ್ನ ದನಿ ನನಗೇ ಹೊಸದಾಗಿತ್ತು. ಅತ್ತೆ ನಿಂತರು. ಕಾಲ ಬುಡದ ಗೂಟ ಕಂಡಿತು. ತಿರುಗಿ ಮೆಟ್ಟಿಲಿನ ಕಡೆ ನೋಡಿದರು. ಅಲ್ಲಿ ಗೂಟವಿದ್ದ ತೂತು ಇನ್ನೂ ಮುಚ್ಚಿರಲಿಲ್ಲ.

"ಇದು ಅಲ್ಲಿ ಇತ್ತಲ್ಲ? ಯಾಕ ಕಿತ್ತಿ?"

ಇನ್ನು ಮುಚ್ಚಿಡುವುದಾಗಲಿಲ್ಲ. ಗೂಟ ಏನು ಮಾಡುತ್ತದೆ ಎಂದು ಹೇಳಿದೆ. ಹೋದ ವರ್ಷ ಆದದ್ದೇನು ಎಂದು ಅವರು ಕೇಳಲಿಲ್ಲ, ಎಮ್ಮೆ ಕಟ್ಟಿದವರಿಗೆ ಗೂಟದ ಲೆಕ್ಕ ಬೇಗ ತಿಳಿಯುತ್ತದೆ. ಕೊಡ ನಿಧಾನ ಕೆಳಗಿಟ್ಟರು.

"ಹಂಗಾದ್ರ ನಿನ್ನ ಕಟ್ಟಿ ಹಾಕಿದಾಕಿ ನಾನ ಏನವಾ?"

ಅಲ್ಲ ಅನ್ನಬೇಕಿತ್ತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು, ಆಮೇಲೆ ಮನೆಯ ಕಡೆ ಮುಖ ಮಾಡಿ, ಒಳಗೆ ಪೇಪರು ಓದುತ್ತಿದ್ದ ಮಗನಿಗೆ ಓಣಿಗೆಲ್ಲ ಕೇಳುವಂತೆ ಕೂಗಿದರು: "ಏ ತಮ್ಮಾ, ಈಕಿ ಸಿಂದಗಿಗೆ ಹೊಂಟಾಳ. ಹುಲ್ಲು ಇದ್ದರ ಇರಲಿ, ಸತ್ತರ ಸಾಯಲಿ!"

ಒಳಗಿನಿಂದ "ನೋಡೂಣು" ಅಂತ ಕೇಳಿತು. ಅಷ್ಟರಲ್ಲಿ ನಾನು ಒದ್ದೆ ಹುಲ್ಲಿನ ಮೇಲೆ ನಿಂತೇ ಗೆಳತಿಯ ನಂಬರು ಒತ್ತಿಯಾಗಿತ್ತು. ಸಿಂದಗಿಯಲ್ಲಿ ಫೋನು ರಿಂಗಾಗುತ್ತಿತ್ತು.