ಏಕಾಂತಯ್ಯನವರ ಅರ್ಧ ನಿಮಿಷದ ಕಾಫಿ

ಬಾಣಾವರದ ನಿವೃತ್ತ ಸ್ಟೇಷನ್ ಮಾಸ್ಟರ್ ಏಕಾಂತಯ್ಯನವರ ಮನೆಯ ಎಸ್‌ಪ್ರೆಸೊ ಯಂತ್ರ ನೋಡಲು ಅಕ್ಕಿ ಡಬ್ಬದಷ್ಟಿದ್ದರೂ ಅದರ ಸದ್ದು ಗೂಡ್ಸ್ ಗಾಡಿಯದು. ಅದೊಮ್ಮೆ ಬುಸ್ಸೆಂದರೆ ಅರಸೀಕೆರೆ ಪ್ಲಾಟ್‌ಫಾರ್ಮಿನಲ್ಲಿ ಕೂತವರು ಗಂಟುಮೂಟೆ ಎತ್ತಿಕೊಳ್ಳುತ್ತಾರೆಂದು ಪ್ರತೀತಿ. ಅದರ ಗುಣಗಾನವನ್ನು ಅವರು ಕೇಳಿದವರಿಗೂ ಕೇಳದವರಿಗೂ ಮಾಡುತ್ತಾರೆ: “ಜಾಗ ತಿನ್ನಲ್ಲ, ಡಿಕಾಕ್ಷನ್ ಹಳಸಲ್ಲ, ಅರ್ಧ ನಿಮಿಷಕ್ಕೆ ಕಾಫಿ ಕಣ್ರೀ.” ದೋಷ ಹೇಳುವ ಕೆಲಸ ಹೆಂಡತಿ ಮಹದೇವಮ್ಮನವರದು: “ಕಪ್ ನೋಡಿದ್ರೆ ಕುಂಕುಮದ ಭರಣಿ, ಕುಡಿದ್ರೆ ಬೇವಿನ ಕಷಾಯ. ಅದನ್ನ ತೊಳೆಯೋ ಹೊತ್ನಲ್ಲಿ ಒಂದು ಎಮ್ಮೆ ಮೈ ತೊಳೀಬೋದು.” ಆದರೆ ಅದರ ಅಸಲಿ ದೋಷವನ್ನು ಏಕಾಂತಯ್ಯನವರು ಯಾರಿಗೂ ಹೇಳಿಲ್ಲ. ಫಿಲ್ಟರಿನಲ್ಲಿ ಡಿಕಾಕ್ಷನ್ ತೊಟ್ಟಿಕ್ಕುತ್ತಿದ್ದ ಕಾಲದಲ್ಲಿ ಬಂದವರು ಕಾಫಿಗೆ ಕಾಯುತ್ತಾ ಮುಕ್ಕಾಲು ಗಂಟೆ ಹರಟುತ್ತಿದ್ದರು. ಯಂತ್ರ ಬಂದ ದಿನ ಕೊಬ್ಬರಿ ಮಂಡಿಯ ಚನ್ನೇಶ ಎರಡೇ ಗುಟುಕಿಗೆ ಕಪ್ ಖಾಲಿ ಮಾಡಿ, “ಬತ್ತೀನಿ ಸಾರ್” ಎಂದು ಎದ್ದೇಬಿಟ್ಟ. ಅಂದಿನಿಂದ ಯಾರೇ ಬರಲಿ, “ಕೂತ್ಕೊಳ್ಳಿ, ಮಿಷಿನ್ ಬಿಸಿ ಆಗ್ಬೇಕು, ಹಸಿರು ದೀಪ ಬರೋಗಂಟ ಮುಟ್ಟಂಗಿಲ್ಲ” ಎನ್ನುತ್ತಾರೆ. ಮೊನ್ನೆ ಚನ್ನೇಶ ತೆಂಗಿನ ರೋಗದಿಂದ ಹಿಡಿದು ಬೀಗರ ಜಂಬದವರೆಗೆ ಎಲ್ಲವನ್ನೂ ಹೇಳಿ ಮುಗಿಸಿ, “ಏನ್ ಸಾರ್, ಇನ್ನೂ ಸಿಗ್ನಲ್ ಬೀಳ್ಲಿಲ್ವಾ?” ಎಂದ. “ಇನ್ನೂ ಇಲ್ಲ ಕಣೋ.” ಮಹದೇವಮ್ಮ ಅಡುಗೆಮನೆಗೆ ಬಂದು ನೋಡಿದರೆ, ಮೂವತ್ತು ವರ್ಷ ಹಸಿರು ಬಾವುಟ ಬೀಸಿ ಬಂದವರನ್ನೆಲ್ಲ ಕಳಿಸಿಕೊಟ್ಟ ಮನುಷ್ಯ, ಉರಿಯುತ್ತಿದ್ದ ಹಸಿರು ದೀಪಕ್ಕೆ ತಮ್ಮ ಹೆಗಲ ಟವೆಲ್ಲು ಹೊದಿಸಿದ್ದರು. ಮಹದೇವಮ್ಮ ಚಕ್ಕುಲಿ ತಟ್ಟೆ ಹಿಡಿದು ಹೊರಬಂದು, “ಕೂತ್ಕೊ ಚನ್ನೇಶ, ಆ ಮಿಷಿನ್ ಬಲು ನಿಧಾನ” ಎಂದರು.